ದಿಬ್ಬ ಕದಲುವ ಮೊದಲು ನೆಲದ ಲೆಕ್ಕ

ಕೋಲಾರ ಚಿನ್ನದ ಗಣಿ ಪ್ರದೇಶ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 2001ರ ಫೆಬ್ರುವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಬಾಗಿಲು ಹಾಕಿ, ಪಂಪುಗಳು ನಿಂತ ಮೇಲೆ ಆ ಆಳಕ್ಕೆ ನೀರು ತುಂಬಿತು. ಈಗ ಕಣ್ಣಿಗೆ ಬೀಳುವುದು ನೆಲದ ಮೇಲೆ ಉಳಿದದ್ದು ಮಾತ್ರ: ಕಲ್ಲನ್ನು ಹುಡಿ ಮಾಡಿ, ಸೈನೈಡ್ ನೀರಿನಲ್ಲಿ ನೆನೆಸಿ, ಚಿನ್ನ ಸೋಸಿಕೊಂಡು, ಬೇಡವಾದದ್ದನ್ನು ನೂರು ವರ್ಷಕ್ಕೂ ಮಿಕ್ಕಿ ಸುರಿದು ಬೆಳೆಸಿದ ದಿಬ್ಬಗಳು. ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್ ಕಡೆಯ ಕಾರ್ಮಿಕರ ಲೈನ್ ಮನೆಗಳ ಮಗ್ಗುಲಲ್ಲೇ ಅವು ನಿಂತಿವೆ. ಊರವರ ಬಾಯಲ್ಲಿ ಅವು ಸೈನೈಡ್ ದಿಬ್ಬ. ಇಂಥ 13 ದಿಬ್ಬಗಳು, ಸುಮಾರು 1,003 ಎಕರೆ, ಸುಮಾರು 3.3 ಕೋಟಿ ಟನ್ ಹುಡಿ. ಇದನ್ನು ಮತ್ತೆ ತೊಳೆದು ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಚಿನ್ನ ಬರುತ್ತದೆ, ಕೆಲಸ ಬರುತ್ತದೆ, ವಿಷದ ದಿಬ್ಬ ಹೋಗಿ ನೆಲ ಹಸನಾಗುತ್ತದೆ ಎಂಬ ಮೂರು ಮಾತುಗಳು ಆ ಒಪ್ಪಿಗೆಯ ಹಿಂದೆಯೇ ಬಂದವು.

ಮೊದಲ ಎರಡು ಮಾತುಗಳ ಬಗ್ಗೆ ಚರ್ಚೆ ಸಾಕಷ್ಟಾಗಿದೆ. ನನ್ನ ತಕರಾರು ಮೂರನೆಯದರ ಬಗ್ಗೆ. ಯೋಜನೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ದಿಬ್ಬಗಳು ಹಾಗೇ ಇರಲಿ ಎನ್ನುವವರು ಅವುಗಳ ನೆರಳಲ್ಲಿ ಬದುಕುವವರಲ್ಲ. ಆದರೆ ಕೋಲಾರ ಜಿಲ್ಲೆಯಲ್ಲಿ ನೆಲವನ್ನು ಅಗೆಯುವ ಕೆಲಸ ಯಾವಾಗಲೂ ಮೊದಲು ನಡೆದಿದೆ, ನೆಲವನ್ನು ಸರಿಪಡಿಸುವ ಕೆಲಸ ಯಾವಾಗಲೂ ಆಮೇಲಿನದಾಗಿದೆ, ಆ ‘ಆಮೇಲೆ’ ಹೆಚ್ಚಾಗಿ ಬಂದೇ ಇಲ್ಲ. ಆದ್ದರಿಂದ ಈ ಯೋಜನೆಯಲ್ಲಿ ಆ ಕ್ರಮವನ್ನು ತಿರುಗಿಸಬೇಕು. ತೊಳೆದ ಹುಡಿ ಎಲ್ಲಿಗೆ ಹೋಗುತ್ತದೆ, ಅದಕ್ಕೆ ನೀರು ಎಲ್ಲಿಂದ ಬರುತ್ತದೆ, ನೆಲ ಹಸನು ಮಾಡುವ ಹಣ ಯಾರ ಖಾತೆಯಲ್ಲಿ ಕೂತಿದೆ ಎಂಬುದು ಕಾಗದದ ಮೇಲೆ ಇತ್ಯರ್ಥವಾಗುವ ತನಕ ಒಂದು ಬಕೆಟ್ ಹುಡಿಯೂ ದಿಬ್ಬದಿಂದ ಕದಲಬಾರದು.

ಕೆಲಸ ನಡೆಯುವ ಬಗೆ ಗೊತ್ತಾದರೆ ಈ ಪಟ್ಟು ಯಾಕೆ ಎಂಬುದು ತಿಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ಸೈನೈಡ್ ವಿಧಾನಕ್ಕೆ ಪೇಟೆಂಟ್ ಸಿಕ್ಕಿದ್ದು 1887ರಲ್ಲಿ. ಕೋಲಾರದ ಗಣಿಗಳಿಗೆ ಅದು ಬಂದದ್ದು ಮುಂದಿನ ದಶಕದಲ್ಲಿ. ಆ ಕಾಲದ ಗಿರಣಿಗಳು ಬಿಟ್ಟ ಚೂರುಪಾರನ್ನು ಇವತ್ತಿನ ತಂತ್ರ ಹಿಡಿಯಬಲ್ಲದು. ಹುಡಿಯನ್ನು ಅಗೆದು ನೀರಿನಲ್ಲಿ ಕಲಸಿ ಗಂಜಿಯಂತೆ ಮಾಡುತ್ತಾರೆ, ಸುಣ್ಣ ಮತ್ತು ಸೈನೈಡ್ ಬೆರೆಸುತ್ತಾರೆ, ಕರಗಿದ ಚಿನ್ನವನ್ನು ಇದ್ದಿಲಿನ ಕಾಳುಗಳು ಹೀರಿಕೊಳ್ಳುತ್ತವೆ. ಉಳಿದ ಗಂಜಿ ಹೊರಗೆ. ಒಂದು ಟನ್ ಹುಡಿ ಹಾಕಿದರೆ ಗ್ರಾಮಿನ ಒಂದು ಪಾಲು ಚಿನ್ನ ಕಳೆದು ಮಿಕ್ಕದ್ದೆಲ್ಲ ಹೊರಬರುತ್ತದೆ. ಅಂದರೆ 3.3 ಕೋಟಿ ಟನ್ ಒಳಗೆ ಹೋದರೆ 3.3 ಕೋಟಿ ಟನ್ನೇ ಹೊರಗೆ. ‘ದಿಬ್ಬ ಹೋಗುತ್ತದೆ’ ಎಂಬ ಮಾತಿನ ನಿಜವಾದ ಅರ್ಥ ದಿಬ್ಬ ಇನ್ನೊಂದು ಕಡೆ ಹೋಗುತ್ತದೆ ಎಂದು. ಹೋಗುವಾಗ ಒಣಗಿ ಹೋಗುವುದಿಲ್ಲ, ಹಸಿಯಾಗಿ ಹೋಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಸೈನೈಡ್ ಬಿಸಿಲು, ಗಾಳಿಗೆ ಒಡೆದು ಹೋಗುವ ರಾಸಾಯನಿಕ. ಹಳೆಯ ದಿಬ್ಬಗಳ ದೊಡ್ಡ ಕೇಡು ಈಗ ಹೆಸರಿನಲ್ಲಿರುವ ಸೈನೈಡಿಗಿಂತ ನುಣ್ಣನೆ ಕಲ್ಲುಹುಡಿಯಲ್ಲಿ, ಅದರೊಳಗಿನ ಗಂಧಕದ ಖನಿಜಗಳಲ್ಲಿ ಇದೆ. ಮರುಗಣಿಗಾರಿಕೆ ಶುರುವಾದ ದಿನ ಹಳೆಯ ಹುಡಿಗೆ ಹೊಸ ಸೈನೈಡ್ ಸೇರುತ್ತದೆ.

ಇನ್ನು ದುಡ್ಡಿನ ಲೆಕ್ಕ. ಟನ್ನಿಗೆ ಅರ್ಧ ಗ್ರಾಮ್ ಚಿನ್ನ ಕೈಗೆ ಹತ್ತುತ್ತದೆ ಎಂದು ಹಿಡಿಯೋಣ. ಒಟ್ಟು ಹದಿನಾರೂವರೆ ಟನ್. ಸಂಪುಟ ಒಪ್ಪಿಗೆ ಕೊಟ್ಟ ದಿನಗಳಲ್ಲಿ ಗ್ರಾಮಿಗೆ ಸುಮಾರು 7,000 ರೂಪಾಯಿ ಇತ್ತು. ಆ ದರದಲ್ಲೇ ಹನ್ನೊಂದೂವರೆ ಸಾವಿರ ಕೋಟಿ ರೂಪಾಯಿ ಆಗುತ್ತದೆ. ಇದು ಲಾಭವಲ್ಲ, ಖರ್ಚು ಕಳೆಯಬೇಕಾದ ಮೊತ್ತ, ನಿಜ. ಇನ್ನೊಂದು ತಕ್ಕಡಿಯಲ್ಲಿ ಏನಿದೆ ನೋಡಿ. ಗಣಿ ಮುಚ್ಚುವಾಗ ನೆಲ ಸರಿಪಡಿಸದೆ ಕಂಪನಿ ಕೈಕೊಟ್ಟರೆ ಇರಲಿ ಎಂದು 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಒಂದು ಹಣಕಾಸು ಖಾತರಿಯನ್ನು ಕೇಳುತ್ತವೆ. 2021ರ ತಿದ್ದುಪಡಿಯ ನಂತರ ‘ಎ’ ದರ್ಜೆಯ ಗಣಿಗೆ ಅದು ಹೆಕ್ಟೇರಿಗೆ 5 ಲಕ್ಷ ರೂಪಾಯಿ. 1,003 ಎಕರೆ ಎಂದರೆ ಸುಮಾರು 406 ಹೆಕ್ಟೇರ್. ಇದೇ ದರವನ್ನು ದಿಬ್ಬಗಳಿಗೂ ಹಾಕಿದರೆ ಖಾತರಿ ಹಣ ಇಪ್ಪತ್ತು ಕೋಟಿ ಚಿಲ್ಲರೆ. ಚಿನ್ನದ ಬೆಲೆಯ ಸಾವಿರಕ್ಕೆ ಎರಡು ರೂಪಾಯಿಯೂ ಆಗಲಿಲ್ಲ. ಹುಡಿಯ ಲೆಕ್ಕದಲ್ಲಿ ಹೇಳುವುದಾದರೆ ಟನ್ನಿಗೆ ಆರು ರೂಪಾಯಿ. ಆರು ರೂಪಾಯಿಗೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಸಿಗುವುದೂ ಕಷ್ಟ. ಆ ದುಡ್ಡಿನಲ್ಲಿ ಒಂದು ಟನ್ ಸೈನೈಡ್ ಹುಡಿಯನ್ನು ಹದ ಮಾಡಿ, ಮೇಲೆ ಮಣ್ಣು ಹೊದಿಸಿ, ಹುಲ್ಲು ಹಿಡಿಸಿ, ಅಡಿಯ ನೀರನ್ನು ಹತ್ತಾರು ವರ್ಷ ಪರೀಕ್ಷಿಸುತ್ತ ಇರಬೇಕು!

ಕಂಪನಿಗಳು ಖಾತರಿ ಹಣ ಇಡುವುದು ಬೇರೆ, ನೆಲ ಸರಿಪಡಿಸಲು ಖರ್ಚು ಮಾಡುವುದೇ ಬೇರೆ, ಎರಡನ್ನೂ ಬೆರೆಸಬಾರದು ಎಂದು ಗಣಿ ಬಲ್ಲವರು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೆ ಖಾತರಿ ಎಂಬುದು ಇರುವುದೇ ಖರ್ಚು ಮಾಡದವನಿಗಾಗಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಚಿನ್ನ ಮುಗಿದ ದಿನದಿಂದ ನೆಲ ಸರಿಪಡಿಸುವುದು ಕಂಪನಿಗೆ ಬರೀ ಖರ್ಚು, ಪೈಸೆ ಆದಾಯವಿಲ್ಲ. ಇಪ್ಪತ್ತು ಕೋಟಿ ಬಿಟ್ಟುಕೊಟ್ಟು ಹೊರಡುವುದೇ ಅಗ್ಗವೆಂದು ಕಂಡರೆ ಯಾವ ವ್ಯಾಪಾರಿಯಾದರೂ ಹೊರಡುತ್ತಾನೆ.

ಜಿಲ್ಲೆಯ ಉಳಿದ ತಾಲ್ಲೂಕುಗಳು ಇದಕ್ಕೆ ಸಾಕ್ಷಿ. ಮಾಲೂರಿನ ಹೆಂಚು, ಇಟ್ಟಿಗೆ ಬೆಂಗಳೂರಿನ ಎಷ್ಟೋ ಬಡಾವಣೆಗಳನ್ನು ಕಟ್ಟಿದವು. ಜೇಡಿಮಣ್ಣು ಕೊಟ್ಟ ಕೆರೆಯಂಗಳ, ಹೊಲಗಳು ಗುಂಡಿಗಳಾದವು. ಟೇಕಲ್ ಸುತ್ತಿನ ಬಂಡೆಗಳನ್ನು ಸೀಳಿ ಒಯ್ದ ಮೇಲೆ ಉಳಿದದ್ದು ನೆಟ್ಟಗೆ ಕತ್ತರಿಸಿದ ಗೋಡೆಗಳ ನಡುವೆ ನಿಂತ ನೀರು. ಇವೆಲ್ಲಕ್ಕಿಂತ ಕೆಜಿಎಫ್ ಕಥೆಗೆ ಹತ್ತಿರವಾದದ್ದು ಫಿಲ್ಟರ್ ಮರಳು. ಜೀವನದಿ ಇಲ್ಲದ ಈ ಜಿಲ್ಲೆಯಲ್ಲಿ ಹಳ್ಳದ ಮರಳು ಖಾಲಿಯಾದ ಮೇಲೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆರೆಯಂಗಳ, ಗೋಮಾಳ, ಕೊನೆಗೆ ಪಟ್ಟಾ ಜಮೀನಿನ ಮಣ್ಣನ್ನೇ ಅಗೆದು, ಕೊಳವೆಬಾವಿ ನೀರು ಹಾಯಿಸಿ, ಜೇಡಿ ತೊಳೆದು ಮರಳು ಬೇರ್ಪಡಿಸುವ ದಂಧೆ ಬೆಳೆಯಿತು. ಯೋಚಿಸಿದರೆ ಇದು ದಿಬ್ಬ ತೊಳೆಯುವ ಕೆಲಸದ ಚಿಕ್ಕ ರೂಪವೇ: ಬೇಕಾದ ಚೂರನ್ನು ತೆಗೆದುಕೊಂಡು ಬೇಡದ ಕೆಸರನ್ನು ಅಲ್ಲೇ ಬಿಡುವುದು. ಮರಳು ಲಾರಿ ಹತ್ತಿತು, ಕೆಸರು ಕೆರೆಗೆ ಇಳಿಯಿತು. ಕೋಡಿಯ ಕಡೆ ಹರಿಯಬೇಕಾದ ನೀರು ಗುಂಡಿಗಳಲ್ಲಿ ನಿಂತಿತು. ದಂಧೆಯ ವಿರುದ್ಧ ದಾಳಿಗಳಾದವು, ಮೋಟಾರುಗಳನ್ನು ಕಿತ್ತರು, ಲಾರಿಗಳನ್ನು ಹಿಡಿದರು. ಆದರೆ ಗುಂಡಿ ಮುಚ್ಚಿ ಮೇಲ್ಮಣ್ಣು ಹರಡಿ ಹೊಲವನ್ನು ಮತ್ತೆ ಹೊಲ ಮಾಡುವ ಕೆಲಸಕ್ಕೆ ಯಾರೂ ಮುಂದಾಗಲಿಲ್ಲ.

ಕಾನೂನು ಇಲ್ಲವೆಂದು ಅಲ್ಲ. ದೀಪಕ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2012ರ ಫೆಬ್ರುವರಿಯಲ್ಲಿ ಐದು ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗಣಿಗೂ ಪರಿಸರ ಅನುಮತಿ ಬೇಕೆಂದಿತು. 2020ರ ಜನವರಿಯಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಗಣಿ ಮುಗಿದ ಜಾಗದಲ್ಲಿ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಮತ್ತೆ ಹುಲ್ಲು ಬೆಳೆಸಿ ಮೇವಿಗೆ ಯೋಗ್ಯವಾಗಿಸಬೇಕೆಂಬ ಷರತ್ತನ್ನು ಗುತ್ತಿಗೆಗಳಿಗೆ ಸೇರಿಸಲು ಕೇಂದ್ರಕ್ಕೆ ಸೂಚಿಸಿತು. ಟೇಕಲ್‌ನ ಕ್ವಾರಿ ಗುಂಡಿಗಳಲ್ಲಿ ದನ ಮೇಯುವ ದಿನ ಬಂದಾಗ ಆ ತೀರ್ಪಿಗೆ ಹಬ್ಬ ಮಾಡಬಹುದು. ಸರ್ಕಾರಕ್ಕೆ ನೆಲ ವಾಪಸು ಪಡೆಯುವ ಶಕ್ತಿ ಇಲ್ಲವೆಂದೂ ಅಲ್ಲ. 2023ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅರಣ್ಯ ಒತ್ತುವರಿ ತೆರವಿಗೆ ಇಳಿದ ಜೆಸಿಬಿಗಳು ಫಸಲು ಕೊಡುವ ಮಾವಿನ ಮರಗಳನ್ನೂ ಬಿಡಲಿಲ್ಲ. ಆ ತೆರವಿನ ಸರಿತಪ್ಪು ಬೇರೆ ಚರ್ಚೆ. ರೈತನ ತೋಟದ ಮುಂದೆ ಕಾಣುವ ಆ ಹುರುಪು ಕ್ವಾರಿಯ ಅಂಚಿಗೆ ಬಂದಾಗ ಎಲ್ಲಿ ಹೋಗುತ್ತದೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಇದಕ್ಕೆ ಎದುರು ಬರುವ ಗಟ್ಟಿ ವಾದವನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ದಿಬ್ಬಗಳನ್ನು ಹೀಗೇ ಬಿಡುವುದೂ ಒಂದು ಅಪರಾಧವೇ. ಆಷಾಢದ ಗಾಳಿ ಎದ್ದರೆ ಹುಡಿ ಮನೆಯೊಳಗೆ, ತಟ್ಟೆಯೊಳಗೆ, ಶ್ವಾಸಕೋಶದೊಳಗೆ. ಮಳೆ ಬಂದರೆ ಕೊಚ್ಚಿ ಚರಂಡಿಗೆ, ಕೆಳಗಿನ ಕೆರೆಗೆ. ಗಣಿಯೊಳಗೆ ಸಿಲಿಕೋಸಿಸ್ ಕಂಡ ಕುಟುಂಬಗಳಿಗೆ ಕಲ್ಲುಹುಡಿ ಏನು ಮಾಡುತ್ತದೆಂದು ಹೊರಗಿನವರು ಹೇಳಿಕೊಡಬೇಕಿಲ್ಲ. ಹಾಗಿದ್ದ ಮೇಲೆ ಯಾರಾದರೂ ಬಂದು ತಮ್ಮ ಖರ್ಚಿನಲ್ಲಿ ಇದನ್ನು ಎತ್ತಿಕೊಂಡು ಹೋಗುತ್ತೇವೆಂದರೆ ಬೇಡವೆನ್ನುವುದು ಏಕೆ? ಇದೇ ಮಾತನ್ನು ರೊಮೇನಿಯಾದ ಬಾಯಾ ಮಾರೆ ಎಂಬ ಗಣಿಪಟ್ಟಣದಲ್ಲೂ ಆಡಿದ್ದರು. ಅಲ್ಲೂ ಊರಂಚಿನಲ್ಲಿ ಹಳೆಯ ಗಣಿ ತ್ಯಾಜ್ಯವಿತ್ತು, ಗಾಳಿಗೆ ಹುಡಿ ಏಳುತ್ತಿತ್ತು. ಅದನ್ನು ತೊಳೆದು ಚಿನ್ನ ತೆಗೆದು, ಕೆಸರನ್ನು ಊರಿಂದಾಚೆ ಹೊಸ ಕಟ್ಟೆಗೆ ಸಾಗಿಸುವುದು ಆಸ್ಟ್ರೇಲಿಯಾದ ಕಂಪನಿ ಮತ್ತು ಅಲ್ಲಿನ ಸರ್ಕಾರ ಜೊತೆಗೂಡಿ ಕಟ್ಟಿದ ಔರುಲ್ ಸಂಸ್ಥೆಯ ಯೋಜನೆ. ಕೆಲಸ ಶುರುವಾದದ್ದು 1999ರಲ್ಲಿ. 2000ದ ಜನವರಿ 30ರ ರಾತ್ರಿ, ಮಳೆ ಮತ್ತು ಕರಗಿದ ಹಿಮದಿಂದ ತುಂಬಿದ ಕಟ್ಟೆ ಒಡೆಯಿತು. ಸುಮಾರು ಒಂದು ಲಕ್ಷ ಘನ ಮೀಟರ್ ಸೈನೈಡ್ ನೀರು ನದಿಗೆ ಇಳಿದು, ಗಡಿ ದಾಟಿ, ಹಂಗೆರಿಯ ಟಿಸಾ ನದಿಗೆ, ಅಲ್ಲಿಂದ ಡ್ಯಾನ್ಯೂಬಿಗೆ ಹರಿಯಿತು. ಹಂಗೆರಿಯಲ್ಲೇ ಸಾವಿರ ಟನ್ನಿಗೂ ಹೆಚ್ಚು ಮೀನು ಸತ್ತವೆಂಬ ಅಂದಾಜಿದೆ. ಪರಿಹಾರ ಕೇಳುವ ಹೊತ್ತಿಗೆ ಆಸ್ಟ್ರೇಲಿಯಾದ ಕಂಪನಿ ದಿವಾಳಿಯ ಬಾಗಿಲಲ್ಲಿ ನಿಂತಿತ್ತು.

ಕೋಲಾರದಲ್ಲಿ ಹಿಮವೂ ಇಲ್ಲ, ಅಂಥ ಮಳೆಯೂ ಇಲ್ಲ ಎಂದು ಸಮಾಧಾನ ಹೇಳಬಹುದು. ಬರದ ಜಿಲ್ಲೆ ಎಂಬ ಹೆಸರನ್ನು ನಂಬಿ ಕಟ್ಟೆ ಕಟ್ಟುವವರಿಗೆ 2021ರ ನವೆಂಬರ್ ನೆನಪಿರಲಿ. ಎಷ್ಟೋ ವರ್ಷ ಒಣಗಿ ನಿಂತಿದ್ದ ಕೆರೆಗಳು ಆ ತಿಂಗಳು ಕೋಡಿ ಹರಿದವು. ಮಳೆ ಕಡಿಮೆ ಬೀಳುವ ಊರಿನಲ್ಲಿ ಅಪಾಯ ಇರುವುದು ಸರಾಸರಿಯಲ್ಲಲ್ಲ, ಒಂದೇ ವಾರ ಬಂದು ಹೋಗುವ ಮಳೆಯಲ್ಲಿ. ಕೆಜಿಎಫ್ ಇರುವ ಪಾಲಾರ್ ಜಲಾನಯನದ ನೀರು ಕರ್ನಾಟಕದಲ್ಲೇ ನಿಲ್ಲುವುದೂ ಇಲ್ಲ. ಆಂಧ್ರದ ಮೇಲೆ ಹಾದು ತಮಿಳುನಾಡಿನ ವೆಲ್ಲೂರು ಸೀಮೆಗೆ ಇಳಿಯುತ್ತದೆ. ಎರಡು ರಾಜ್ಯಗಳು ಕೆಳಗಿರುವಾಗ ಕಟ್ಟೆಯ ಗಟ್ಟಿತನ ಬರೀ ಗುತ್ತಿಗೆದಾರನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಸುತ್ತ 1970ರ ದಶಕದ ಕೊನೆಯಿಂದಲೂ ದೊಡ್ಡ ಪ್ರಮಾಣದಲ್ಲಿ ಹಳೆಯ ದಿಬ್ಬ ತೊಳೆಯುತ್ತಿದ್ದಾರೆ. ಅಚ್ಚುಕಟ್ಟಾಗಿ ಮಾಡಿ ಊರೊಳಗಿನ ನೆಲ ಬಿಡಿಸಿಕೊಟ್ಟ ಉದಾಹರಣೆಗಳೂ ಅಲ್ಲಿವೆ, ಅದನ್ನು ಮುಚ್ಚಿಡಬೇಕಿಲ್ಲ. ಅಲ್ಲೇ ಮಿನ್‌ಟೇಲ್ಸ್ ಎಂಬ ಕಂಪನಿ 2018ರಲ್ಲಿ ದಿವಾಳಿಯೆದ್ದು, ಅರ್ಧ ಅಗೆದ ದಿಬ್ಬಗಳನ್ನು ಕ್ರೂಗರ್ಸ್‌ಡಾರ್ಪ್ ಊರಿನವರ ಪಾಲಿಗೆ ಬಿಟ್ಟಿತು. ಅದು ನೆಲ ಸರಿಪಡಿಸಲೆಂದು ಇಟ್ಟಿದ್ದ ಹಣ ಅಗತ್ಯದ ಮುಂದೆ ಯಾವ ಮೂಲೆಗೂ ಸಾಲಲಿಲ್ಲ. ತಂತ್ರ ಒಂದೇ, ಊರುಗಳು ಅಕ್ಕಪಕ್ಕದವು. ಫಲ ಬೇರೆಯಾದದ್ದು ಹಣ ಮೊದಲೇ ಇತ್ತೋ ಇಲ್ಲವೋ ಎಂಬುದರಿಂದ.

ನೀರಿನ ಪ್ರಶ್ನೆಯನ್ನು ಯೋಜನೆಯ ಪರವಾಗಿ ಮಾತಾಡುವವರು ಹೆಚ್ಚಾಗಿ ಜಾರಿಸಿಬಿಡುತ್ತಾರೆ. ಹುಡಿಯನ್ನು ಗಂಜಿ ಮಾಡಲು ಹೆಚ್ಚುಕಡಿಮೆ ಅದರ ತೂಕದಷ್ಟೇ ನೀರು ಬೇಕು. ಬಳಸಿದ್ದನ್ನೇ ತಿರುಗಿಸಿ ಬಳಸಬಹುದು; ಬಿಸಿಲಿಗೆ ಆರುವುದನ್ನು, ಕೆಸರಿನಲ್ಲಿ ಉಳಿಯುವುದನ್ನು ಮಾತ್ರ ಹೊಸದಾಗಿ ತುಂಬಬೇಕು. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರೇ ಸಿಗುವ, ಕೋಲಾರ, ಮಾಲೂರು, ಬಂಗಾರಪೇಟೆಗೆ ಕುಡಿಯುವ ನೀರು ಕೊಡಲು ಯರಗೋಳ್ ಅಣೆಕಟ್ಟೆಗಾಗಿ ವರ್ಷಗಟ್ಟಲೆ ಕಾದು 2023ರಲ್ಲಿ ಕಂಡ, ಎತ್ತಿನಹೊಳೆ ಯೋಜನೆಯ ನೀರನ್ನು ಇನ್ನೂ ಎದುರುನೋಡುತ್ತಿರುವ ಜಿಲ್ಲೆಯಲ್ಲಿ ಈ ‘ಮಾತ್ರ’ ಚಿಕ್ಕ ಮಾತಲ್ಲ. ಬೆಂಗಳೂರಿನ ಕೊಳಚೆ ನೀರು ಇದೆಯಲ್ಲ ಎನ್ನುವವರಿದ್ದಾರೆ. ಆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯ ಇತಿಹಾಸವೇ ನನ್ನ ವಾದಕ್ಕೆ ಒಳ್ಳೆಯ ದೃಷ್ಟಾಂತ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳು ಎಂದು ಹೊರಟ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಎದ್ದು ಹೈಕೋರ್ಟ್ ತಡೆ ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಡೆಯಿತು. ಆಮೇಲೆ ನೀರು ಮತ್ತೆ ಹರಿಯಿತು. ಅಂತರ್ಜಲ ಏರಿದ್ದು ನಿಜ, ಬತ್ತಿದ ಬಾವಿಗಳು ಜೀವ ಪಡೆದದ್ದೂ ನಿಜ. ಮೂರನೇ ಹಂತದ ಶುದ್ಧೀಕರಣ ಮಾತ್ರ ಮೊದಲ ದಿನ ಇರಲಿಲ್ಲ, ‘ಆಮೇಲೆ’ ಎಂದಾಯಿತು. ವರ್ಷಗಳ ಬಳಿಕವೂ ರೈತ ಸಂಘಟನೆಗಳು ಅದನ್ನೇ ಕೇಳುತ್ತಿವೆ. ಲಾಭ ಕೈಗೆ ಬಂದ ಮೇಲೆ ಎಚ್ಚರಿಕೆಯ ಖರ್ಚಿಗೆ ಯಾರಿಗೂ ಅವಸರವಿರುವುದಿಲ್ಲ.

ನೆಲ ಹಸನು ಮಾಡುವುದು ಎಂದರೆ ಯಾರಿಗಾಗಿ ಎಂಬುದನ್ನೂ ಕೇಳಬೇಕು. ಬಿಜಿಎಂಎಲ್ ಜಮೀನು ಕಂದಾಯದ ಭಾಷೆಯಲ್ಲಿ ಪಾಳು. ಆ ಪಾಳಿನ ಕುರುಚಲು, ಹುಲ್ಲಿನಲ್ಲಿ ಕೃಷ್ಣಮೃಗಗಳಿವೆ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿ ಹುಲಿ, ಆನೆಗಳ ಜೊತೆ ಕೂತಿರುವ ಪ್ರಾಣಿ ಅದು. ಅಭಯಾರಣ್ಯದ ಫಲಕವಿಲ್ಲದ, ಮನುಷ್ಯ ಕೈಬಿಟ್ಟ ಬಯಲನ್ನೇ ಅದು ಮನೆ ಮಾಡಿಕೊಂಡಿದೆ. ಒಂದು ಕಡೆ ದಿಬ್ಬ ಅಗೆಯುವ ಯಂತ್ರಗಳು, ಇನ್ನೊಂದು ಕಡೆ ಇದೇ ಬಿಜಿಎಂಎಲ್‌ನ ಮೂರು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ರಾಜ್ಯ ಸರ್ಕಾರ ಬಯಸುತ್ತಿರುವ ಕೈಗಾರಿಕಾ ಟೌನ್‌ಶಿಪ್. ನಡುವೆ ಆ ಹಿಂಡು ಎಲ್ಲಿಗೆ ಹೋಗಬೇಕೆಂದು ಎರಡು ಯೋಜನೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬೇರೆ ಬೇರೆ ಕಡತವಾದರೆ ಎರಡರಲ್ಲೂ ಕೃಷ್ಣಮೃಗ ‘ಪಕ್ಕದ ಜಾಗಕ್ಕೆ’ ಹೋಗುತ್ತದೆ. ತಮಾಷೆಯೆಂದರೆ, ಈ ದಿಬ್ಬಗಳ ಮೇಲೆ ಸಿನಿಮಾ ಸೆಟ್ ಹಾಕಿದ್ದರಿಂದ ಪರಿಸರಕ್ಕೆ ಧಕ್ಕೆ ಎಂಬ ದೂರಿನ ಮೇಲೆ 2019ರಲ್ಲಿ ಸ್ಥಳೀಯ ನ್ಯಾಯಾಲಯ ಚಿತ್ರೀಕರಣಕ್ಕೇ ತಡೆ ಕೊಟ್ಟಿತ್ತು. ಸೆಟ್ಟಿಗೆ ಇದ್ದ ಎಚ್ಚರ 3.3 ಕೋಟಿ ಟನ್ನಿಗೂ ಇದ್ದರೆ ಸಾಕು.

ಕೆಲಸದ ಮಾತಿಗೆ ಬಂದರೆ ದನಿ ತಗ್ಗಿಸಲೇಬೇಕು. ಗಣಿ ಮುಚ್ಚಿದ ಮೇಲೆ ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲುಗಳೇ ಆ ಊರಿನ ಬದುಕು. ದುಡಿಮೆ ಬೆಂಗಳೂರಿನಲ್ಲಿ, ನಿದ್ದೆ ಕೆಜಿಎಫ್‌ನಲ್ಲಿ. ಅವರ ಮುಂದೆ ಪರಿಸರದ ಹೆಸರಲ್ಲಿ ಉದ್ಯೋಗಕ್ಕೆ ಅಡ್ಡ ನಿಲ್ಲುವ ಹಕ್ಕು ಯಾರಿಗೂ ಇಲ್ಲ. ಆದರೆ ದಿಬ್ಬ ತೊಳೆಯುವುದು ಭೂಗರ್ಭಕ್ಕೆ ಸಾವಿರಾರು ಮಂದಿ ಇಳಿಯುವ ಹಳೆಯ ಗಣಿಯಲ್ಲ. ಯಂತ್ರ, ಪೈಪು, ಟ್ಯಾಂಕುಗಳ ಕೆಲಸ, ಹುಡಿ ಮುಗಿದ ದಿನ ಅದೂ ಮುಗಿಯಿತು. ಹೆಚ್ಚು ಕೈ ಬೇಡುವುದು ನೆಲ ಸರಿಪಡಿಸುವ ಕೆಲಸವೇ: ಮಣ್ಣು ಹೊದಿಸುವುದು, ಗಿಡ ಹುಲ್ಲು ಹಿಡಿಸುವುದು, ಕಾಲುವೆ ತಿದ್ದುವುದು, ನೀರು ಗಾಳಿ ಪರೀಕ್ಷಿಸುವುದು. ಇದಕ್ಕೆ ಹಣ ಕಟ್ಟಿಟ್ಟರೆ ಚಿನ್ನ ಮುಗಿದ ಮೇಲೂ ಕೆಲಸ ಉಳಿಯುತ್ತದೆ. ದೇಶಕ್ಕೆ ಚಿನ್ನ ಬೇಕು ಎಂಬ ವಾದದಲ್ಲಿ ಮಾತ್ರ ಹುರುಳು ಕಡಿಮೆ. ಭಾರತ ವರ್ಷಕ್ಕೆ 700-800 ಟನ್ ಚಿನ್ನ ತರಿಸಿಕೊಳ್ಳುತ್ತದೆ. ಮೇಲಿನ ಲೆಕ್ಕದ ಹದಿನಾರೂವರೆ ಟನ್ ಸುಮಾರು ಒಂದು ವಾರದ ಆಮದಿಗೆ ಸಮ. ಒಂದು ವಾರದ ಚಿನ್ನಕ್ಕಾಗಿ ಅವಸರ ಬೀಳುವ ದರ್ದು ದೇಶಕ್ಕಿಲ್ಲ.

ಮೊದಲು ನೆಲ, ಆಮೇಲೆ ಗಣಿ ಎಂಬುದು ಆಗದ ಹೋಗದ ಮಾತೆಂದು ತಳ್ಳಿಹಾಕುವವರಿಗೆ ಬಳ್ಳಾರಿ ತೋರಿಸಬೇಕು. ಸಮಾಜ ಪರಿವರ್ತನ ಸಮುದಾಯದ ಮೊಕದ್ದಮೆಯಲ್ಲಿ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿ, ಒಂದೊಂದು ಗಣಿಗೂ ಪುನಶ್ಚೇತನ ಯೋಜನೆ ಬರೆಸಿ, ಅದನ್ನು ಜಾರಿಗೆ ತರುವುದನ್ನೇ ಗಣಿ ಮತ್ತೆ ತೆರೆಯುವುದಕ್ಕೆ ಷರತ್ತು ಮಾಡಲಾಯಿತು. 2013ರ ಏಪ್ರಿಲ್ ತೀರ್ಪು ಅದಕ್ಕೆ ಮುದ್ರೆ ಒತ್ತಿತು. ಗಣಿ ಮಾಲೀಕರು ಹಾಳಾಗಿ ಹೋಗಲಿಲ್ಲ, ಅದಿರು ಮತ್ತೆ ಹೊರಟಿತು. ಬಳ್ಳಾರಿಯಿಂದ ಕಲಿಯಬೇಕಾದ ಎರಡನೇ ಪಾಠ ಕಹಿಯಾದದ್ದು: ಗಣಿಪ್ರದೇಶದ ಜನರಿಗೆಂದು ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ವರ್ಷಗಟ್ಟಲೆ ಖಾತೆಯಲ್ಲೇ ಮಲಗಿತ್ತು. ಆದ್ದರಿಂದ ಕೆಜಿಎಫ್‌ನಲ್ಲಿ ಹಣ ಕಟ್ಟಿಸಿಕೊಳ್ಳುವುದರ ಜೊತೆಗೆ ಅದನ್ನು ಯಾರು, ಯಾವ ವರ್ಷ, ಯಾವ ದಿಬ್ಬದ ಮೇಲೆ ಖರ್ಚು ಮಾಡುತ್ತಾರೆಂಬುದೂ ಗುತ್ತಿಗೆಯಲ್ಲೇ ಇರಬೇಕು. ಒಂದು ದಿಬ್ಬ ತೊಳೆದು, ಅದರ ಜಾಗದಲ್ಲಿ ಹಸಿರು ಹಿಡಿಸಿ, ನೀರಿನ ಪರೀಕ್ಷೆ ಪಾಸಾದ ಮೇಲೆ ಎರಡನೆಯದಕ್ಕೆ ಕೈ. ಹದಿಮೂರನ್ನೂ ಒಟ್ಟಿಗೆ ತೆರೆಯಲು ಬಿಟ್ಟರೆ ಕಂಪನಿಯನ್ನು ಹಿಡಿದಿಡುವ ಹಗ್ಗ ಕೈಯಲ್ಲಿ ಉಳಿಯುವುದಿಲ್ಲ.

ಪರಿಸರ ಅನುಮತಿಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಅದಕ್ಕೆ 30 ದಿನ ಮುಂಚೆ ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು ಎಂದು 2006ರ ಅಧಿಸೂಚನೆ ಹೇಳುತ್ತದೆ. ಕೆಜಿಎಫ್‌ನ ಬಹುಪಾಲು ಮನೆಗಳಲ್ಲಿ ತಮಿಳು ಆಡುವುದರಿಂದ ಅದು ತಮಿಳಿನಲ್ಲೂ ಬರಲಿ. ಹುಡಿ ನುಂಗುವವರು ಅವರು. ಆ ನೋಟಿಸ್ ಬಂದ ದಿನ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರೂ ವರದಿ ತರಿಸಿಕೊಳ್ಳಿ. ಚಿನ್ನ ಎಷ್ಟು ಟನ್ ಎಂಬ ಪುಟವನ್ನು ಪಕ್ಕಕ್ಕಿಟ್ಟು, ಗಣಿ ಮುಚ್ಚುವ ಯೋಜನೆಯ ಪುಟವನ್ನು ಮೊದಲು ತೆರೆಯಿರಿ. ಟನ್ನಿಗೆ ಎಷ್ಟು ರೂಪಾಯಿ ಇಟ್ಟಿದ್ದಾರೆ, ನೋಡಿ.